ಒಬ್ಬಳೇ ಹುಡುಗಿಯ ಹಾಜರಿ

ಬೆಳಿಗ್ಗೆ ಎಂಟು ಗಂಟೆ ಐವತ್ತು ನಿಮಿಷಕ್ಕೆ ನಮ್ಮ ಶಾಲೆಯ ವ್ಯಾನು ಚಳ್ಳಕೆರೆಯ ಹೊರಗೆ, ಬಳ್ಳಾರಿ ರಸ್ತೆಯಲ್ಲಿ, ಒಂದು ಪಂಕ್ಚರ್ ಅಂಗಡಿಯ ಎದುರು ಕೆಮ್ಮಿ ನಿಂತಿತು. ಒಂಬತ್ತಕ್ಕೆ ಪ್ರೇಯರ್. ತಡವಾದರೆ ಸೆಕ್ರೆಟರಿಯವರು ಗೇಟಿನಲ್ಲೇ ನಿಂತಿರುತ್ತಿದ್ದರು. ಹಾಗಾಗಿ ವ್ಯಾನು ನಿಂತ ಕೂಡಲೇ ನಾನು ಮಾಡಿದ ಮೊದಲ ಕೆಲಸ ಕೈಗಡಿಯಾರ ನೋಡಿಕೊಂಡದ್ದು. ಎರಡನೆಯದು, ಸೆರಗಿನಿಂದ ಮೂಗು ಮುಚ್ಚಿಕೊಂಡದ್ದು.

ಅದು 2001ರ ಆಗಸ್ಟ್. ನಾನು ಬಿ.ಎಸ್ಸಿ., ಬಿ.ಎಡ್. ಮುಗಿಸಿ ಚಳ್ಳಕೆರೆಯ ಒಂದು ಖಾಸಗಿ ಇಂಗ್ಲಿಷ್ ಮೀಡಿಯಂ ಪ್ರೈಮರಿ ಶಾಲೆಯಲ್ಲಿ ನಾಲ್ಕು ವರ್ಷದಿಂದ ಕೆಲಸ ಮಾಡುತ್ತಿದ್ದೆ. ಒಂದನೇ ತರಗತಿಯ ಕ್ಲಾಸ್ ಟೀಚರ್; ಜೊತೆಗೆ ವ್ಯಾನಿನ ಉಸ್ತುವಾರಿ. ಹನ್ನೊಂದು ಮಕ್ಕಳನ್ನು ಊರೊಳಗಿಂದ ಹತ್ತಿಸಿಕೊಂಡು ಶಾಲೆಗೆ ಮುಟ್ಟಿಸುವುದು, ಸಂಜೆ ಅದೇ ರೀತಿ ಮನೆಗೆ ಬಿಡುವುದು ನನ್ನ ಜವಾಬ್ದಾರಿ. ಆಮೇಲೆ ಸರ್ಕಾರಿ ಕೆಲಸ ಸಿಕ್ಕಿತು, ಎರಡು ದಶಕ ಪಾಠ ಹೇಳಿದೆ, ಅರವತ್ತು ಮಕ್ಕಳ ತರಗತಿಯನ್ನೂ ಒಬ್ಬಳೇ ನಡೆಸಿದ್ದೇನೆ. ಆದರೆ ನಿಮ್ಮ ಸರ್ವೀಸಿನಲ್ಲಿ ಕಷ್ಟದ ಕ್ಲಾಸು ಯಾವುದು ಎಂದು ಯಾರಾದರೂ ಕೇಳಿದರೆ, ಒಂದೇ ಮಗು ಇದ್ದ ಕ್ಲಾಸು ಎನ್ನುತ್ತೇನೆ. ಅದು ಶುರುವಾದದ್ದು ಆ ಎಂಟೂ ಐವತ್ತಕ್ಕೆ.

ಪೆಟ್ರೋಲ್ ದುಬಾರಿ ಎಂದು ಆ ಕಾಲದಲ್ಲಿ ಪುಟ್ಟ ವ್ಯಾನುಗಳನ್ನು ಅಡುಗೆಮನೆಯ ಗ್ಯಾಸ್ ಸಿಲಿಂಡರಿನಿಂದ ಓಡಿಸುವುದು ನಮ್ಮ ಕಡೆ ಮಾಮೂಲಾಗಿತ್ತು. ಅದು ಕಾನೂನಿಗೆ ವಿರುದ್ಧವೆಂದು ಎಲ್ಲರಿಗೂ ಗೊತ್ತಿತ್ತು. ನಮ್ಮ ವ್ಯಾನಿನ ಹಿಂಬದಿಯಲ್ಲಿ ಸಿಲಿಂಡರನ್ನು ಅಡ್ಡ ಮಲಗಿಸಿ, ಮೇಲೆ ಹಲಗೆ ಹಾಸಿದ್ದರು. ಆ ಹಲಗೆಯ ಮೇಲೆ ನಾಲ್ಕು ಮಕ್ಕಳು. ಫೀಸು ಪೂರ್ತಿ ಕೊಡುವವರ ಮಕ್ಕಳಿಗೆ ಮುಂದೆ ಸೀಟು. ರಿಯಾಯಿತಿ ಇದ್ದವರಿಗೆ ಹಲಗೆ. ಟೀಚರ ಮಗಳು ಎಂಬ ರಿಯಾಯಿತಿ ನನ್ನ ಚೈತ್ರಳಿಗೆ ಇತ್ತು. ಅವಳಿಗೆ ಆರು ವರ್ಷ, ನನ್ನದೇ ಕ್ಲಾಸು.

"ವಾಸ್ನೆ ಬರ್ತಿದೆ ತಿಪ್ಪೇಶ," ಎಂದೆ.

"ಅದು ದಿನಾ ಬರ್ತತೆ ಬಿಡಿ ಮಿಸ್, ಏನಾಗಲ್ಲ," ಎಂದು ಡ್ರೈವರ್ ತಿಪ್ಪೇಶ ಮತ್ತೆ ಕೀಲಿಗೆ ಕೈ ಹಾಕಿದ.

ರಸ್ತೆಯ ಆಚೆಯಿಂದ ಪಂಕ್ಚರ್ ಅಂಗಡಿಯ ಇಸ್ಮಾಯಿಲ್ ಸಾಬ್ ಕೂಗಿದರು: "ಚಾವಿ ಮತ್ ಘುಮಾ ರೇ! ಮೊದ್ಲು ಮಕ್ಳನ್ನ ಇಳ್ಸೋ!" ಅವರ ಮಗಳು ರೇಷ್ಮಾ ಕೂಡ ಆ ಹಲಗೆಯ ಮೇಲೇ ಕೂತಿದ್ದಳು.

ಪಕ್ಕದ ಬಾಗಿಲು ಎಳೆದು ಸೀಟಿನ ಮಕ್ಕಳನ್ನು ಒಬ್ಬೊಬ್ಬರಾಗಿ ಇಳಿಸಿದೆ. "ಬ್ಯಾಗು ಬಿಡಿ, ಬ್ಯಾಗು ಬಿಡಿ" ಎಂದು ಕೂಗುತ್ತಲೇ ಇದ್ದೆ. ಬ್ಯಾಗುಗಳು ಸೀಟಿನ ಮೇಲೇ ಉಳಿದವು. ಇಳಿದ ಮಕ್ಕಳನ್ನು ತಿಪ್ಪೇಶ ಶೇಂಗಾ ಹೊಲದ ಕಡೆ ಓಡಿಸಿದ. ಹಲಗೆಯ ಮೇಲಿನ ನಾಲ್ವರು ಇಳಿಯಬೇಕಾದರೆ ಹಿಂದಿನ ಬಾಗಿಲು ತೆರೆಯಬೇಕು. ಅದರ ಬೀಗ ಕೆಟ್ಟು ತಿಂಗಳಾಗಿತ್ತು. ತಂತಿ ಸುತ್ತಿ ಕಟ್ಟಿದ್ದರು. ನಾನು ಆ ತಂತಿಯನ್ನು ಬೆರಳಿನಿಂದ ಬಿಚ್ಚಲು ಹೋದೆ. ಬಿಚ್ಚುತ್ತಿದ್ದೇನೆ ಎಂದುಕೊಂಡು ಇನ್ನಷ್ಟು ಬಿಗಿಯುತ್ತಿದ್ದೆ. ಗಾಜಿನ ಒಳಗಿನಿಂದ ಚೈತ್ರ ನನ್ನನ್ನೇ ನೋಡುತ್ತಿದ್ದಳು. ಅಳುತ್ತಿರಲಿಲ್ಲ. ಅವ್ವ ಬಾಗಿಲು ತೆಗೆಯುತ್ತಾಳೆ ಎಂಬ ನಂಬಿಕೆ ಆ ಮುಖದಲ್ಲಿತ್ತು. ಇದನ್ನು ಬರೆಯುವಾಗಲೂ ನನ್ನ ಬೆರಳು ತಾನಾಗಿ ತಿರುಗುತ್ತದೆ, ಎಡಕ್ಕೋ ಬಲಕ್ಕೋ ತಿಳಿಯದೆ.

ಇಸ್ಮಾಯಿಲ್ ಸಾಬ್ ಕಟಿಂಗ್ ಪ್ಲೇಯರ್ ತಂದು ತಂತಿ ಕತ್ತರಿಸಿದರು. ಮೂವರು ಜಿಗಿದು ಓಡಿದರು. ಚೈತ್ರಳ ಬಲಗಾಲಿನ ಶೂ ಹಲಗೆಗೂ ಸಿಲಿಂಡರಿಗೂ ನಡುವೆ ಸಿಕ್ಕಿಕೊಂಡಿತ್ತು. ಶೂ ಅಲ್ಲೇ ಬಿಟ್ಟು ಕಾಲನ್ನು ಎಳೆದೆವು. ಸಾಬರು ಅವಳನ್ನು ಹೆಗಲ ಮೇಲೆ ಹಾಕಿಕೊಂಡು ರಸ್ತೆ ದಾಟುವಾಗ ಬೆನ್ನ ಹಿಂದೆ 'ಬುಸ್' ಎಂದಿತು. ಕಿಡಿ ಎಲ್ಲಿಂದ ಹಾರಿತೋ ಗೊತ್ತಿಲ್ಲ. ತಿರುಗಿ ನೋಡಿದರೆ ವ್ಯಾನು ಪೂರ್ತಿ ಹೊತ್ತಿಕೊಂಡಿತ್ತು, ಶ್ರಾವಣದ ಗಾಳಿಗೆ ಬೆಂಕಿ ಒಂದೇ ಕಡೆ ಬಾಗಿ ಉರಿಯುತ್ತಿತ್ತು.

ಯಾರೂ ಸಾಯಲಿಲ್ಲ. ತಿಪ್ಪೇಶನ ಮುಂಗೈ ಸುಟ್ಟಿತು. ಶೇಂಗಾ ಹೊಲದಲ್ಲಿ ನಿಂತ ಮಕ್ಕಳನ್ನು ನಾನು ಎರಡು ಸಲ ಎಣಿಸಿದೆ, ಸಾಬರ ಹೆಗಲ ಮೇಲಿದ್ದ ನನ್ನವಳನ್ನೂ ಸೇರಿಸಿ. ಹನ್ನೊಂದು.

ಚೈತ್ರಳನ್ನು ಹೊಲದ ಕಡೆ ತರದೆ, ಸಾಬರ ಅಂಗಡಿಯ ಕಡೆಯಿಂದಲೇ ಆಸ್ಪತ್ರೆಗೆ ಒಯ್ದು, ಪಾದದ ಗಾಯಕ್ಕೆ ಪಟ್ಟಿ ಕಟ್ಟಿಸಿ, ಅಂದೇ ಸಂಜೆ ಮೊಳಕಾಲ್ಮೂರಿಗೆ, ನನ್ನ ತವರುಮನೆಗೆ ಕರೆದುಕೊಂಡು ಹೋದೆವು. ನಮ್ಮ ಯಜಮಾನರು ಚಳ್ಳಕೆರೆಯ ಎಣ್ಣೆ ಮಿಲ್ಲಿನಲ್ಲಿ ಗುಮಾಸ್ತರು. ಅವರು ಅಲ್ಲೇ ಉಳಿದು ಭಾನುವಾರಕ್ಕೊಮ್ಮೆ ಬರುವುದು ಎಂದಾಯಿತು. ತವರಿನಲ್ಲಿ ಇದ್ದದ್ದು ಅಪ್ಪ ಒಬ್ಬರೇ. ರೇಷ್ಮೆ ಸೀರೆ ನೇಯುವವರು. ನಡುಮನೆಯಲ್ಲೇ ಗುಂಡಿ ಮಗ್ಗ, ಅಂದರೆ ನೇಯುವವರು ನೆಲದ ಗುಂಡಿಯಲ್ಲಿ ಕಾಲಿಳಿಸಿ ಕೂರುವ ಮಗ್ಗ.

ಮಗಳು ಅಲ್ಲಿಗೆ ಬಂದ ಮೇಲೆ ಬಾಗಿಲು ಹಾಕಿದರೆ ಕಿರುಚುತ್ತಿದ್ದಳು. ಗ್ಯಾಸ್ ಸ್ಟವ್ ಹಚ್ಚಿದರೆ ಬೀದಿಗೆ ಓಡುತ್ತಿದ್ದಳು. ಸ್ಟವ್ವನ್ನು ಹಿತ್ತಲಲ್ಲಿಟ್ಟು ಸೌದೆ ಒಲೆ ಹೂಡಿದೆವು. ಮಲಗಿದರೆ ಸ್ವಲ್ಪ ಹೊತ್ತಿಗೇ ಎದ್ದು "ಬಾಗ್ಲು, ಬಾಗ್ಲು" ಎನ್ನುತ್ತಿದ್ದಳು. ಹಾಗಾಗಿ ಬೀದಿ ಬಾಗಿಲು ತೆರೆದೇ ಇಟ್ಟು, ಕಳ್ಳರ ಭಯಕ್ಕೆ ಅಪ್ಪ ಹೊಸ್ತಿಲಿಗೆ ಅಡ್ಡ ಮಲಗುತ್ತಿದ್ದರು. ಅವಳು ಮಲಗಿದರೂ ನನಗೆ ನಿದ್ದೆ ಬರುತ್ತಿರಲಿಲ್ಲ. ಕಣ್ಣು ಮುಚ್ಚಿದರೆ ತಂತಿ. ಡಾಕ್ಟರು, "ಮಗುವಿನ ಮುಂದೆ ಆ ಮಾತೇ ಎತ್ತಬೇಡಿ, ತಾನಾಗಿ ಮರೀತಾಳೆ" ಎಂದಿದ್ದರು. ನಾವು ಅದನ್ನು ವ್ರತದಂತೆ ಪಾಲಿಸಿದೆವು. ನೆಂಟರು ಬಂದು ಬಾಯಿ ತೆರೆದರೆ ಅಪ್ಪ ಕೆಮ್ಮುತ್ತಿದ್ದರು, ನಾನು ಚಹಾ ತರಲು ಏಳುತ್ತಿದ್ದೆ.

ಓಣಿಯ ಕೊನೆಯ ಸರ್ಕಾರಿ ಶಾಲೆಗೆ ಸೇರಿಸೋಣವೆಂದು ಕರೆದುಕೊಂಡು ಹೋದೆ. ಗಾಳಿಗೆ ತರಗತಿಯ ಬಾಗಿಲು ಧಡಾರನೆ ಬಡಿದುಕೊಂಡಿತು. ಚೈತ್ರ ಕಿಟಕಿ ಹತ್ತಿದಳು. ಹೆಡ್ ಮೇಡಂ ಅವಳನ್ನು ಇಳಿಸಿ ನನ್ನ ಕೈಗೆ ಕೊಟ್ಟು, "ಈಗ ಬ್ಯಾಡ ಬಿಡಮ್ಮ. ನೀನೇ ಟೀಚರು, ಮನೇಲಿ ಹೇಳ್ಕೊಡು. ಜೂನ್‌ಗೆ ಕರ್ಕಂಡು ಬಾ. ಓದಕೆ ಬರಿಯಕೆ ಬಂದ್ರೆ ಎರಡನೇ ಕ್ಲಾಸಿಗೆ ಕೂರಿಸ್ಕೊಳ್ಳೋದು ನನ್ನ ಜವಾಬ್ದಾರಿ," ಎಂದರು. ಮನೆಯಲ್ಲೇ ಶಾಲೆ ಎಂಬುದನ್ನು ನಮ್ಮ ಕಡೆ ಯಾರೂ ಕೇಳಿರಲಿಲ್ಲ. ಕೇಳಿದವರು ಒಂದೇ ಮಾತು ಹೇಳಿದರು: ಹುಡುಗಿಯ ವರ್ಷ ಹಾಳಾಯಿತು.

ಆ ವಾರವೇ ನಮ್ಮ ಶಾಲೆಯ ಸೆಕ್ರೆಟರಿಯವರು ಮೊಳಕಾಲ್ಮೂರಿಗೆ ಬಂದರು. ಕೈಯಲ್ಲಿ ಹೊಸ ಶೂಗಳ ಡಬ್ಬಿ. ಮಗ್ಗ ನೋಡಿ ಹೊಗಳಿದರು, ಚಹಾ ಕುಡಿದರು.

"ನೋಡಿ ಮಿಸ್, ಆದದ್ದು ಆಯ್ತು. ದೇವರು ದೊಡ್ಡೋನು. ಪೇರೆಂಟ್ಸ್ ಮೀಟಿಂಗ್ ಕರೀತೀನಿ. ಎಂಜಿನ್ ಕಾದು ಬೆಂಕಿ ಹತ್ತಿತು ಅಂತ ನೀವೊಂದು ಮಾತು ಹೇಳಿದ್ರೆ ಸಾಕು. ನೀವು ಹೇಳಿದ್ರೆ ಜನ ನಂಬ್ತಾರೆ."

"ಸಿಲಿಂಡರ್ ಅಂತ ಹೇಳಿದ್ರೂ ನಂಬ್ತಾರಾ ಸಾರ್?"

ಅವರು ನಕ್ಕರು. "ಮಗು ಭವಿಷ್ಯ ನೋಡ್ಕೊಳ್ಳಿ. ನಮ್ಮಲ್ಲೇ ಇದ್ದರೆ ಹಾಜರಿ ಕಡಿಮೆ ಇದ್ರೂ ಪಾಸ್ ಮಾಡ್ತೀವಿ. ಇಲ್ಲಾಂದ್ರೆ ಇಲ್ಲೇ ಕೂತ್ಕೊಂಡು ನೂಲು ಸುತ್ತಬೇಕಾಗ್ತದೆ."

ಮಗ್ಗದ ಗುಂಡಿಯಿಂದಲೇ ಅಪ್ಪ ಹೇಳಿದರು: "ನೂಲು ಸುತ್ತೇ ಸ್ವಾಮಿ ಇವಳನ್ನ ಬಿ.ಎಸ್ಸಿ. ಓದ್ಸಿದ್ದು."

ನಾನು ಶೂ ಡಬ್ಬಿಯನ್ನು ಅವರ ಕಾರಿನ ಸೀಟಿನ ಮೇಲಿಟ್ಟು ಬಂದೆ. ಇದೇ ಮಗುವನ್ನು ಇದೇ ನಡುಮನೆಯಲ್ಲಿ ಕೂರಿಸಿ, ಜೂನ್‌ಗೆ ಎರಡನೇ ಕ್ಲಾಸಿಗೆ ನಡೆಸಿಕೊಂಡು ಹೋಗುತ್ತೇನೆ ಎಂದು ಆ ಹೊತ್ತೇ ತೀರ್ಮಾನಿಸಿದೆ. ಹಟದಿಂದ ಮಾಡಿದ ತೀರ್ಮಾನ ಅದು. ಹಟಕ್ಕೆ ಪಾಠ ಹೇಳಲು ಬರುವುದಿಲ್ಲ ಎಂದು ಆಮೇಲೆ ತಿಳಿಯಿತು.

ನನಗೆ ಗೊತ್ತಿದ್ದದ್ದು ಶಾಲೆ ನಡೆಸುವುದು. ಹಾಗಾಗಿ ಮನೆಯಲ್ಲಿ ಶಾಲೆಯನ್ನೇ ನಡೆಸಿದೆ. ಒಂಬತ್ತಕ್ಕೆ ಸರಿಯಾಗಿ ಕಂಚಿನ ತಟ್ಟೆಗೆ ಸೌಟಿನಿಂದ ಬಡಿದು ಬೆಲ್ಲು. ಚೈತ್ರ ಯೂನಿಫಾರಂ ಹಾಕಿ ಬಂದು ನಿಂತು ಪ್ರೇಯರ್ ಹೇಳಬೇಕು. ಆಮೇಲೆ ಹಾಜರಿ. ಆಮೇಲೆ ನಲವತ್ತು ನಿಮಿಷದ ಪೀರಿಯಡ್ಡುಗಳು. ಕ್ಲಾಸಿನಲ್ಲಿ ನನ್ನನ್ನು ಮಿಸ್ ಎನ್ನಬೇಕು, ಅವ್ವ ಎನ್ನುವ ಹಾಗಿಲ್ಲ.

ಮೊದಲ ದಿನವೇ ಎಡವಟ್ಟಾಯಿತು. ಒಂದು ಮಗು ಬರೆದು ಮುಗಿಸಲು ಎಷ್ಟು ಹೊತ್ತು ಬೇಕು? ಕ್ಲಾಸಿನಲ್ಲಾದರೆ ಉಳಿದ ಮಕ್ಕಳ ಸ್ಲೇಟು ನೋಡುವಷ್ಟರಲ್ಲಿ ಬೆಲ್ಲಾಗುತ್ತದೆ. ಇಲ್ಲಿ ಹತ್ತು ನಿಮಿಷಕ್ಕೆ ಪಾಠ ಮುಗಿದು, ಮಿಕ್ಕ ಅರ್ಧ ಗಂಟೆ ನಾನು ಅವಳ ಮುಖ, ಅವಳು ನನ್ನ ಮುಖ. ಅಭ್ಯಾಸಬಲದಿಂದ "ಸೈಲೆನ್ಸ್!" ಎಂದು ಗದರಿದೆ. ಅವಳು ಮಾತೇ ಆಡಿರಲಿಲ್ಲ. ನಿಂತದ್ದು ಅಪ್ಪನ ಮಗ್ಗ.

"ಏಮ್ಮಾ, ನನಗಾ ಹೇಳಿದ್ದು?"

"ನಿಮಗಲ್ಲಪ್ಪ."

"ಮತ್ತೆ ಯಾರಿಗೆ? ಅದು ತುಟಿ ಬಿಚ್ಚಿಲ್ಲ. ನನ್ನ ಮಗ್ಗಕ್ಕೂ ಹಾಜರಿ ಹಾಕಿಬಿಡು, ಅದೊಂದು ತಪ್ಪದೆ ಬರ್ತತೆ."

ರೀಡರಿನಲ್ಲಿ ಒಂದು ಪಾಠ ಶಾಲೆಯ ಬಸ್ಸಿನದು. ಚಿತ್ರದಲ್ಲಿ ಕಿಟಕಿಗೊಂದು ಮಗು, ಎಲ್ಲವೂ ಕೈ ಬೀಸುತ್ತಿವೆ. ಚೈತ್ರ ಆ ಪುಟದ ಮೇಲೆ ಅಂಗೈ ಊರಿ ಕೂತುಬಿಟ್ಟಳು. ಕೈ ತೆಗೆ ಎಂದೆ; ತೆಗೆಯಲಿಲ್ಲ. ಸ್ಕೇಲಿನಿಂದ ಟೇಬಲ್ಲು ಕುಟ್ಟಿದೆ. ಅವಳು ನಿಧಾನಕ್ಕೆ ಕಿರುಬೆರಳು ಎತ್ತಿ ಕೇಳಿದಳು:

"ಮಿಸ್, ಅವ್ವನ ಹತ್ರ ಹೋಗಿ ಬರ್ಲಾ?"

"ಹೋಗಿ ಬಾ" ಎಂದೆ. ಅವಳು ಎದ್ದು ಮಗ್ಗದ ಹಿಂದಿನಿಂದ ಸುತ್ತಿ, ಅಡುಗೆಮನೆ ದಾಟಿ, ಇನ್ನೊಂದು ಬಾಗಿಲಿನಿಂದ ಬಂದು ನನ್ನ ತೊಡೆಯ ಮೇಲೆ ಮುಖ ಇಟ್ಟಳು.

"ಅವ್ವ, ಮಿಸ್ ಬೈತಾಳೆ."

ಅಪ್ಪ ಲಾಳಿ ಹಿಡಿದ ಕೈಯನ್ನು ಹಾಗೇ ನಿಲ್ಲಿಸಿ, "ಆ ಮಿಸ್ಸಿಗೆ ಲೀವು ಕೊಡು ತಲ್ಲಿ," ಎಂದರು. ಮುದ್ದು ಬಂದಾಗ ಅವರು ನನ್ನನ್ನು ಹೀಗೆ ತೆಲುಗಿನಲ್ಲಿ ತಾಯಿ ಎನ್ನುತ್ತಿದ್ದರು. ಅಂದೇ ಸ್ಕೇಲು ಅಟ್ಟಕ್ಕೆ ಹೋಯಿತು. ಯೂನಿಫಾರಂ ಮಡಚಿಟ್ಟೆ. ಬೆಲ್ಲಿನ ತಟ್ಟೆ ಊಟಕ್ಕೆ ವಾಪಸಾಯಿತು. ಆದರೆ ಹಾಜರಿಯನ್ನು ಮಾತ್ರ ಬಿಡಲಿಲ್ಲ. ಹಾಜರಿ ಕೂಗದೆ ದಿನ ಶುರು ಮಾಡಲು ನನ್ನ ಬಾಯಿಗೆ ಬರುತ್ತಿರಲಿಲ್ಲ. ದಿನವೂ ಬೆಳಿಗ್ಗೆ "ಚೈತ್ರ" ಎನ್ನುವುದು, ಅವಳು "ಪ್ರೆಸೆಂಟ್ ಮಿಸ್" ಎನ್ನುವುದು, ಪಾಠ ಆರಂಭ. ಪಾಠ ಏನೋ ಸಾಗುತ್ತಿತ್ತು. ನಿದ್ದೆ ಮಾತ್ರ ಸುಧಾರಿಸಲಿಲ್ಲ. ಕೆಲವು ದಿನ ಹಾಜರಿ ಕೂಗಿದ ಮೇಲೆಯೇ ಅವಳ ಮುಖ ಬಾಡಿಹೋಗುತ್ತಿತ್ತು. ನಿದ್ದೆಗೇಡಿನಿಂದ ಇರಬೇಕು ಎಂದುಕೊಳ್ಳುತ್ತಿದ್ದೆ.

ಸೆಪ್ಟೆಂಬರಿನ ಒಂದು ಸೋಮವಾರ. ಅವಳ ಹೆಸರು ಕೂಗಿದೆ, ಅವಳು ಉತ್ತರ ಕೊಟ್ಟಳು, ನಾನು ಪುಸ್ತಕ ತೆರೆದೆ.

"ಮಿಸ್, ರೇಷ್ಮಾದು ಇನ್ಮೇಲೆ ಕೂಗಲ್ವಾ?"

"ರೇಷ್ಮಾ ಇಲ್ಲಿಲ್ಲವಲ್ಲ ಪುಟ್ಟಿ."

"ಗೊತ್ತು. ಕಿರಣನೂ ಇಲ್ಲ. ಅವರು ಯಾರೂ ಇಳೀಲಿಲ್ಲ."

"ಎಲ್ಲಿಂದ?"

"ವ್ಯಾನಿಂದ. ನಾನು ನೋಡ್ದೆ. ಬೆಂಕಿಯೊಳಗೆ ಸೀಟಲ್ಲೇ ಕುಂತಿದ್ರು, ಸಾಲಾಗಿ."

ಮಗ್ಗ ನಿಂತಿತು. ಅವಳು ಕಂಡದ್ದು ಏನೆಂದು ನನಗೆ ಹೊಳೆದದ್ದು ಒಂದು ನಿಮಿಷದ ಮೇಲೆ. ಬ್ಯಾಗುಗಳು. ಸಾಬರ ಹೆಗಲ ಮೇಲೆ ಹಿಂದುಮುಖವಾಗಿ ಜೋತುಬಿದ್ದ ಮಗು ಉರಿಯುವ ವ್ಯಾನಿನೊಳಗೆ ಸಾಲಾಗಿ ಕೂತ ಬ್ಯಾಗುಗಳನ್ನು ಕಂಡಿತ್ತು. ಕಾಲು ಸಿಕ್ಕಿಕೊಂಡ ಗಾಬರಿಯಲ್ಲಿ ಯಾರು ಇಳಿದರೆಂದು ಅವಳು ಗಮನಿಸಿರಲಿಲ್ಲ; ಮಕ್ಕಳು ಆಚೆ ಹೊಲದಲ್ಲಿದ್ದರು, ಅವಳ ಕಣ್ಣಿಗೆ ಬೀಳಲಿಲ್ಲ. ಆಮೇಲೆ ನಾವು ಆ ಮಾತೇ ಎತ್ತಬಾರದೆಂದು ಬಾಯಿಗೆ ಬೀಗ ಹಾಕಿಕೊಂಡೆವು. ನಮ್ಮ ಮೌನವನ್ನು ಅವಳು ಸೂತಕದ ಮೌನವೆಂದು ತಿಳಿದಳು. ಅದರ ಮೇಲೆ ನಾನು ದಿನಾ ಬೆಳಿಗ್ಗೆ ತುಂಬಿದ ಕ್ಲಾಸಿನ ಧ್ವನಿಯಲ್ಲಿ ಒಂದೇ ಒಂದು ಹೆಸರು ಕೂಗಿ ಪುಸ್ತಕ ತೆರೆಯುತ್ತಿದ್ದೆ. ಉಳಿದವರು ಇಲ್ಲ ಎಂದು ಅವಳಿಗೆ ದಿನವೂ ಸಾರುತ್ತಿದ್ದವಳು ಅವಳ ಕ್ಲಾಸ್ ಟೀಚರೇ.

ಎಲ್ಲರೂ ಇಳಿದರು, ಎಲ್ಲರೂ ಚೆನ್ನಾಗಿದ್ದಾರೆ, ಅವು ಬ್ಯಾಗು ಎಂದು ಹೇಳಿದೆ. ಅಪ್ಪನೂ ಹೇಳಿದರು. ದೊಡ್ಡವರು ಸಮಾಧಾನಕ್ಕೆ ಏನೇನೋ ಹೇಳುತ್ತಾರೆ ಎಂದು ಗೊತ್ತಿದ್ದವಳ ಹಾಗೆ ಚೈತ್ರ ನಮ್ಮಿಬ್ಬರನ್ನೂ ನೋಡಿದಳು.

"ಹಂಗಾರೆ ತೋರ್ಸು," ಎಂದಳು.

ಮುಂದಿನ ಭಾನುವಾರ ಬಂದ ಯಜಮಾನರು, ಅದರ ಮುಂದಿನ ಭಾನುವಾರ ಪೇರೆಂಟ್ಸ್ ಮೀಟಿಂಗ್ ಇದೆಯೆಂದರು. ಮಕ್ಕಳನ್ನೂ ಕರೆದುಕೊಂಡು ಬರಲು ಹೇಳಿದ್ದಾರಂತೆ, ಸ್ವೀಟು ಹಂಚುತ್ತಾರಂತೆ. ನಾನು ಹೋಗಿ ಎಂಜಿನ್ ಕಾದ ಕಥೆ ಹೇಳಿದರೆ ಮಾರನೆಯ ದಿನದಿಂದ ಹೊಸ ವ್ಯಾನು, ಅದೂ ಗ್ಯಾಸಿನದೇ.

"ಬರ್ತೀನಿ ಅಂತ ಹೇಳಿ," ಎಂದೆ.

ಅವರು ಗಾಬರಿಯಾದರು. "ಅವರು ಹೇಳಿಕೊಟ್ಟಿದ್ದನ್ನ ಹೇಳ್ತೀಯಾ?"

"ಬರ್ತೀನಿ ಅಂದೆ ಅಷ್ಟೆ."

ಹೋಗುವುದಾದರೆ ಬಸ್ಸಿನಲ್ಲೇ ಹೋಗಬೇಕು. ವಾಹನ ಎಂದರೆ ನಡುಗುವ ಮಗು ನಿಲ್ದಾಣದಲ್ಲಿ ಸರ್ಕಾರಿ ಬಸ್ಸಿನ ಮೆಟ್ಟಿಲ ಮುಂದೆ ಕಂಬದ ಹಾಗೆ ನಿಂತಿತು. ಕಂಡಕ್ಟರು, "ಹತ್ತೋದಾದ್ರೆ ಹತ್ತಮ್ಮ, ಇಲ್ಲಾಂದ್ರೆ ರೈಟ್ ಹೇಳ್ತೀನಿ," ಎಂದರು.

ಚೈತ್ರ ಅವರನ್ನೇ ಕೇಳಿದಳು: "ಇದ್ರಾಗೆ ಸಿಲಿಂಡರ್ ಐತಾ?"

ಕಂಡಕ್ಟರು ನಗಲು ಹೋದವರು ನನ್ನ ಮುಖ ನೋಡಿ ನಿಲ್ಲಿಸಿದರು. "ಇಲ್ಲವ್ವ. ಡೀಸೆಲ್ ಗಾಡಿ."

"ಬಾಗ್ಲು ಸಿಕ್ಕಾಕ್ಕಳ್ತತಾ?"

"ಬಾಗ್ಲೇ ಇಲ್ಲ ನೋಡು. ಕಿತ್ತೋಗಿ ಎಷ್ಟೋ ತಿಂಗ್ಳಾತು, ಡಿಪೋದೋರು ಹಾಕಿಕೊಟ್ಟಿಲ್ಲ."

ಬಾಗಿಲಿಲ್ಲದ ಆ ಮೆಟ್ಟಿಲನ್ನು ಅವಳು ಮುಟ್ಟಿ ನೋಡಿದಳು, ಹತ್ತಿದಳು. ಚಳ್ಳಕೆರೆ ಮುಟ್ಟುವವರೆಗೂ ನನ್ನ ಮಣಿಕಟ್ಟನ್ನು ಬಿಡಲಿಲ್ಲ. ನನಗೂ ಅದು ಬೇಕಾಗಿತ್ತು. ಆ ಪಂಕ್ಚರ್ ಅಂಗಡಿ ದಾಟುವಾಗ ನಾನು ಕಣ್ಣು ಮುಚ್ಚಿದೆ. ಅವಳು ಮುಚ್ಚಲಿಲ್ಲ.

ಶಾಲೆಯ ಹಾಲ್ ತುಂಬಿತ್ತು. ಚೈತ್ರ ಬಾಗಿಲ ಹತ್ತಿರವೇ ಅವರಪ್ಪನ ಕಾಲು ಹಿಡಿದು ನಿಂತಳು. ಜನರ ಗುಂಪಿನಲ್ಲಿ ಅವಳ ಎತ್ತರಕ್ಕೆ ಬರಿ ಬೆನ್ನುಗಳು. ಸೆಕ್ರೆಟರಿಯವರು ದೇವರ ದಯೆಯ ಬಗ್ಗೆ ಮಾತಾಡಿ, "ಆವತ್ತು ಏನಾಯ್ತು ಅಂತ ನಮ್ಮ ಮಿಸ್ಸೇ ಎರಡು ಮಾತು ಹೇಳ್ತಾರೆ," ಎಂದು ಮೈಕು ಕೊಟ್ಟರು.

ನಾನು ಮೈಕು ಪಕ್ಕಕ್ಕಿಟ್ಟೆ. ಕ್ಲಾಸಿನ ಧ್ವನಿಗೆ ಮೈಕು ಬೇಡ.

"ಮೊದಲು ಹಾಜರಿ," ಎಂದೆ. "ಆವತ್ತು ವ್ಯಾನಿನಲ್ಲಿದ್ದ ಮಕ್ಕಳು ಮಾತ್ರ ಎದ್ದು ನಿಂತು ಹೇಳಬೇಕು. ರೇಷ್ಮಾ."

ಎರಡನೇ ಸಾಲಿನಲ್ಲಿ ಇಸ್ಮಾಯಿಲ್ ಸಾಬರ ಪಕ್ಕದಿಂದ ಎರಡು ಜಡೆ ಮೇಲೆದ್ದವು. "ಪ್ರೆಸೆಂಟ್ ಮಿಸ್!"

ಹೆಸರುಗಳು ನನ್ನ ನಾಲಿಗೆಯ ಮೇಲೇ ಇದ್ದವು. ಒಬ್ಬೊಬ್ಬರನ್ನೇ ಕೂಗಿದೆ, ಒಂದೊಂದು ತಲೆ ಎದ್ದಿತು. ಸೆಕ್ರೆಟರಿಯವರು ನನ್ನ ಹತ್ತಿರ ಬಂದು, "ಇದೇನು ಮಿಸ್," ಎಂದು ಪಿಸುಗುಟ್ಟಿದರು. ನಾನು ಮುಂದಿನ ಹೆಸರು ಕೂಗಿದೆ: "ಕಿರಣ."

ಉತ್ತರವಿಲ್ಲ. ಮತ್ತೆ ಕೂಗಿದೆ. ಬಾಗಿಲಲ್ಲಿ ಚೈತ್ರಳ ಮುಖ ಬಿಳುಚಿತು. ಹಿಂದಿನಿಂದ ಒಬ್ಬರು ಎದ್ದು, "ಜ್ವರ ಬಂದೈತೆ ಮಿಸ್, ಮನೇಲಿ ಮಲಗವ್ನೆ," ಎಂದರು. ಅವನ ತಂದೆ.

ಕೊನೆಗೆ "ಚೈತ್ರ" ಎಂದೆ. ಸಣ್ಣ ಧ್ವನಿ ಬಂತು.

"ಕೇಳಿದ್ರಲ್ಲ," ಎಂದೆ. "ಎಲ್ಲರೂ ಬದುಕಿದ್ದಾರೆ. ಎಂಜಿನ್ ಕಾದು ಬೆಂಕಿ ಹತ್ತಲಿಲ್ಲ. ಸಿಲಿಂಡರಿನಿಂದ ಗ್ಯಾಸು ಸೋರಿತು, ಆ ಸಿಲಿಂಡರಿನ ಮೇಲೆ ನಾವು ಮಕ್ಕಳನ್ನು ಕೂರಿಸಿದ್ದೆವು, ಹಿಂದಿನ ಬಾಗಿಲಿಗೆ ತಂತಿ ಕಟ್ಟಿದ್ದೆವು. ನಾಳೆ ಬರುವ ವ್ಯಾನಿಗೂ ಅದೇ ಸಿಲಿಂಡರ್. ಹತ್ತಿಸುವವರು ಮೊದಲು ಹಿಂದಿನ ಹಲಗೆ ಎತ್ತಿ ನೋಡಿ ಹತ್ತಿಸಿ."

ಸೆಕ್ರೆಟರಿಯವರು ಜನರ ಕಡೆ ತಿರುಗಿ ನಕ್ಕರು. "ಪಾಪ, ಮಿಸ್ಸಿಗೆ ಇನ್ನೂ ಶಾಕ್ ಇದೆ."

"ಇದೆ ಸಾರ್. ಮೂಗು ಮಾತ್ರ ಸರಿಯಾಗಿದೆ."

ಇಸ್ಮಾಯಿಲ್ ಸಾಬ್ ಟೋಪಿ ಸರಿಮಾಡಿಕೊಂಡು ಎದ್ದರು. "ನನ್ನ ಮಗಳು ಸೈಕಲ್ ಮೇಲೆ ಬರ್ತಾಳೆ. ನಾನೇ ತುಳೀತೀನಿ." ಅಷ್ಟು ಹೇಳಿ ಕೂತರು. ಆಮೇಲೆ ಹಾಲಿನಲ್ಲಿ ಎದ್ದ ಗದ್ದಲದಲ್ಲಿ ಸ್ವೀಟು ಹಂಚಲು ಯಾರಿಗೂ ನೆನಪಾಗಲಿಲ್ಲ. ವಾರದೊಳಗೆ ಆ ಶಾಲೆಯ ವ್ಯಾನು ಪೆಟ್ರೋಲಿಗೆ ಬಂತು. ನನ್ನ ಕೆಲಸ ಹೋಯಿತು. ಯಾರೂ ಕರೆದು ಹೇಳಲಿಲ್ಲ. ಸ್ಟಾಫ್ ಬೋರ್ಡಿನಲ್ಲಿದ್ದ ನನ್ನ ಹೆಸರಿಗೆ ಬಣ್ಣ ಬಳಿದಿದ್ದಾರೆ ಎಂದು ಯಜಮಾನರು ಬಂದು ಹೇಳಿದರು. ಬಳಿಯಲಿ ಎಂದೆ.

ಆದರೆ ಆ ಭಾನುವಾರ ಚೈತ್ರಳ ಲೆಕ್ಕ ಇನ್ನೂ ಮುಗಿದಿರಲಿಲ್ಲ. ರೇಷ್ಮಾಳ ಜಡೆ ಎಳೆದು ನೋಡಿಯಾದ ಮೇಲೂ, "ಕಿರಣ?" ಎಂದಳು. ಅವರ ಮನೆಗೆ ನಡೆದೆವು. ಕಂಬಳಿ ಹೊದ್ದು ರಸ್ಕು ತಿನ್ನುತ್ತಿದ್ದ ಕಿರಣ ಇವಳನ್ನು ಕಂಡದ್ದೇ, "ಏ, ನಿನ್ನ ಶೂ ಸುಟ್ಟೋಯ್ತಂತೆ!" ಎಂದ.

"ನಿನ್ನ ಬ್ಯಾಗು?"

"ಅದೂ ಸುಟ್ಟೋಯ್ತು. ಹೋಂವರ್ಕೂ!"

ಇಬ್ಬರೂ ನಕ್ಕರು. ಅವಳು ನಕ್ಕದ್ದು ಆಗಸ್ಟಿನ ನಂತರ ಅದೇ ಮೊದಲು.

ಅಲ್ಲಿಂದ ಎಲ್ಲ ಸರಿಹೋಯಿತು ಎಂದು ಬರೆದರೆ ಸುಳ್ಳಾಗುತ್ತದೆ. ಕಿರುಚುವುದು ಕಡಿಮೆಯಾಯಿತು; ಎದ್ದು ಕೂರುವುದು ನಿಲ್ಲಲಿಲ್ಲ. ನನ್ನದಂತೂ ಹಾಗೇ ಇತ್ತು. ಬೀದಿ ಬಾಗಿಲು ತೆರೆದೇ ಇರುತ್ತಿತ್ತು, ಅಪ್ಪ ಹೊಸ್ತಿಲಿಗೆ ಅಡ್ಡ. ಆದರೆ ಮನೆಯ ಕ್ಲಾಸು ಬದಲಾಯಿತು. ಬೆಳಿಗ್ಗೆ ಹನ್ನೊಂದೂ ಹೆಸರು ಕೂಗತೊಡಗಿದೆ. ಎಲ್ಲದಕ್ಕೂ ಚೈತ್ರಳೇ ಉತ್ತರ: "ರೇಷ್ಮಾ ಸೈಕಲ್ ಮೇಲೆ ಹೋಗ್ತಾವ್ಳೆ ಮಿಸ್." "ಕಿರಣ ರಸ್ಕು ತಿಂತಾವ್ನೆ ಮಿಸ್." ಮಗ್ಗದ ಗುಂಡಿಯ ಅಂಚಿನಲ್ಲಿ, ತಾತನ ಪಕ್ಕ ಕಾಲು ಇಳಿಬಿಟ್ಟು ಕೂತು ಅವಳು ಓದುತ್ತಿದ್ದಳು. ಬಿಸುಟ ನೂಲಿನ ತುಂಡುಗಳನ್ನು ನೆಲದ ಮೇಲೆ ಬಾಗಿಸಿ ಅಕ್ಷರ ಮಾಡುವುದು, ಬಂದ ಅಕ್ಷರಗಳಿಂದ ಮಾತು ಮಾಡುವುದು. ಪಾಠ ಹತ್ತು ನಿಮಿಷಕ್ಕೆ ಮುಗಿದರೆ ಮುಗಿಯಿತು. ಎದ್ದು ಹೋಗು ಎನ್ನಲು ಕಲಿತೆ. ಅವಳು ಹೋಗಿ, ತಾನೇ ಇನ್ನೊಂದು ಪ್ರಶ್ನೆ ಹಿಡಿದುಕೊಂಡು ಬರುತ್ತಿದ್ದಳು. ಬಸ್ಸಿನ ಪಾಠವನ್ನೂ ಅವಳೇ ಒಂದು ದಿನ ತೆರೆದು ಓದಿದಳು, ಬೆರಳಿಟ್ಟು, ಕಿಟಕಿಗಳಲ್ಲಿದ್ದ ಮಕ್ಕಳನ್ನು ಎಣಿಸಿಕೊಂಡು. ಜೂನ್‌ನಲ್ಲಿ ಹೆಡ್ ಮೇಡಂ ಕೊಟ್ಟ ಪುಟವನ್ನು ತಡವರಿಸದೆ ಓದಿ ಎರಡನೇ ಕ್ಲಾಸಿನಲ್ಲಿ ಕೂತಳು, ಬಾಗಿಲಿನಿಂದ ಮೂರನೇ ಬೆಂಚಿನಲ್ಲಿ.

ಹಾಜರಿ ಎಂದರೆ ಬಂದವರ ಲೆಕ್ಕ ಎಂದು ನನಗೆ ಬಿ.ಎಡ್.ನಲ್ಲಿ ಕಲಿಸಿದ್ದರು. ಬರದವರು ಎಲ್ಲಿದ್ದಾರೆ ಎಂದು ಕೇಳುವುದೇ ಹಾಜರಿ ಎಂದು ಆ ಒಂದು ವರ್ಷ ನನಗೆ ಕಲಿಸಿತು. ಅದಾದ ಮೇಲೆ ನನ್ನ ಯಾವ ಕ್ಲಾಸಿನಲ್ಲೂ ಒಂದು ಹೆಸರಿಗೆ ಉತ್ತರ ಬರದಿದ್ದರೆ ಅಡ್ಡಗೆರೆ ಎಳೆದು ಮುಂದೆ ಹೋಗಲಿಲ್ಲ. ಅದಕ್ಕಾಗಿ ಇನ್‌ಸ್ಪೆಕ್ಷನ್ನಿಗೆ ಬಂದವರಿಂದ, ಪಾಠದ ಹೊತ್ತು ಹಾಳು ಮಾಡುತ್ತೀರಿ ಎಂದು ಬೈಸಿಕೊಂಡಿದ್ದೇನೆ. ಬೈಯಲಿ. ಮಗುವಿನ ಮುಂದೆ ಎತ್ತಬಾರದ ಮಾತು ಎಂಬುದೂ ಇಲ್ಲ; ನಾವು ಬಿಟ್ಟ ಖಾಲಿ ಜಾಗದಲ್ಲಿ ಮಗು ತನ್ನದೇ ಭಯವನ್ನು ಕೂರಿಸಿಕೊಳ್ಳುತ್ತದೆ.

ಮನೆಯ ಕ್ಲಾಸು ಇನ್ನೂ ನಡೆಯುತ್ತಿದ್ದ ಆ ನವೆಂಬರ್ ಕೊನೆಗೆ ಮೊಳಕಾಲ್ಮೂರಿನ ಗುಡ್ಡಗಳ ಕಡೆಯಿಂದ ಚಳಿಗಾಳಿ ಶುರುವಾಯಿತು. ಒಂದು ಸಂಜೆ ಊಟವಾಗಿ ಹಾಸಿಗೆ ಹಾಸುತ್ತಿದ್ದೆ. ಅಪ್ಪ ತಮ್ಮ ಚಾಪೆ ಹಿಡಿದು ಹೊಸ್ತಿಲ ಕಡೆ ಹೊರಟಿದ್ದರು. ಚೈತ್ರ ಕಂಬಳಿಯೊಳಗಿಂದ ಹೇಳಿದಳು:

"ಅವ್ವ, ಚಳಿ. ಬಾಗ್ಲು ಹಾಕು."

ನಾನು ಅಪ್ಪನನ್ನು ನೋಡಿದೆ. ಅವರು ಚಾಪೆಯನ್ನು ಒಳಕ್ಕೆ ತಂದರು. ನಾನು ಬಾಗಿಲು ಮುಂದಕ್ಕೆ ತಳ್ಳಿ, ಅಗುಳಿಗೆ ಕೈ ಹಾಕಿ ನಿಂತೆ. "ಅಗುಳಿನೂ ಹಾಕ್ಲಾ?"

"ಹಾಕು. ನಿನಗೆ ತೆಗಿಯಾಕೆ ಬರ್ತತಲ್ಲ."

ಹಾಕಿದೆ.

ಕಣ್ಣು ಬಿಟ್ಟಾಗ ಬಿಸಿಲು ಬೆಳಕಿಂಡಿಯಿಂದ ಇಳಿದು ಕಾಲ ಹತ್ತಿರ ಬಂದಿತ್ತು. ಮಗ್ಗ ಆಗಲೇ ಆಡುತ್ತಿತ್ತು. ಪಕ್ಕದಲ್ಲಿ ಚೈತ್ರ ಬಾಯಿ ತೆರೆದು ಮಲಗಿದ್ದಳು, ಕಂಬಳಿ ಎಲ್ಲೋ, ಅವಳೆಲ್ಲೋ. ಗಡಿಯಾರ ಒಂಬತ್ತು ದಾಟಿತ್ತು. ಗಡಬಡಿಸಿ ಎದ್ದು ಕೂತ ನನ್ನನ್ನು ಅಪ್ಪ ಗುಂಡಿಯೊಳಗಿಂದ ಒಮ್ಮೆ ನೋಡಿದರು, ಲಾಳಿ ನಿಲ್ಲಿಸದೆಯೇ.

"ಏನು ಮಿಸ್, ಪ್ರೇಯರಿಗೇ ತಡ ಆಯ್ತಲ್ಲ," ಎಂದರು. "ಮಲಗು ಹೋಗಮ್ಮ. ಗೇಟಲ್ಲಿ ಯಾರೂ ನಿಂತಿಲ್ಲ."